ನೀಲಿ ಚುಕ್ಕೆಗೆ ಬಾಂದುಕಲ್ಲು ಕಾಣುವುದಿಲ್ಲ

ಹೋದ ವರ್ಷ ಮಾರ್ಚ್ ಕೊನೆಗೆ ತೀರ್ಥಹಳ್ಳಿ ಕಡೆಯ ಒಂದು ತೋಟಕ್ಕೆ ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸಲು, ಹೋಗಿದ್ದೆ. ಗಾಡಿಯಿಂದ ಟ್ರೈಪಾಡ್ ಇಳಿಸುವ ಮೊದಲೇ ತೋಟದ ಯಜಮಾನರು ಮೊಬೈಲ್ ಹಿಡಿದುಕೊಂಡು ಬಂದರು. "ಎಂಥ ಸರ್ವೆ ಮಾರಾಯ್ರೆ, ಇಲ್ಲಿ ನೋಡಿ. ನಾನು ಬೇಲಿ ದಾಟಿ ಆಚೆ ನಿಂತ್ರೂ ಈ ನೀಲಿ ಚುಕ್ಕೆ ನಮ್ಮ ಸರ್ವೆ ನಂಬರಿನೊಳಗೇ ಇದೆ. ಎರಡು ಸಾಲು ಅಡಿಕೆ ಅವರ ಕಡೆ ಹೋಗಿದೆ, ಅಲ್ವಾ?" ಬೇಲಿಯಾಚೆ ಅವರ ದಾಯಾದಿ ನಿಂತಿದ್ದರು. ಅವರ ಕೈಯಲ್ಲೂ ಮೊಬೈಲ್. ಅವರ ಚುಕ್ಕೆ ಬೇರೆ ಕಥೆ ಹೇಳುತ್ತಿತ್ತು.

ಎರಡೂ ಫೋನ್ ಕೆಟ್ಟಿರಲಿಲ್ಲ. 'ನಾನು ಎಲ್ಲಿದ್ದೀನಿ' ಅಂತ ಕೇಳಿದರೆ ಉಪಗ್ರಹದ ಲೆಕ್ಕ ಒಂದು ಉತ್ತರ ಕೊಡುತ್ತದೆ, ಹೆಚ್ಚುಕಮ್ಮಿ ಸರಿಯಾದದ್ದೇ. 'ಈ ಜಾಗ ಯಾರದು' ಅಂತ ಕೇಳಿದರೆ ಅದಕ್ಕೇನು ಗೊತ್ತು? ಆ ಉತ್ತರ ಸರ್ವೆ ಇಲಾಖೆಯ ಹಳೆಯ ಅಳತೆ ದಾಖಲೆಯಾದ ಟಿಪ್ಪಣಿಯಲ್ಲಿದೆ, ಗಡಿ ಗುರುತಿಗೆ ಮಣ್ಣಿನೊಳಗೆ ಹೂತ ಬಾಂದುಕಲ್ಲಿನಲ್ಲಿದೆ. ಡಿಪ್ಲೊಮಾ ಮುಗಿಸಿ ನನ್ನ ಹತ್ತಿರ ಕೆಲಸ ಕಲಿಯಲು ಬರುವ ಹುಡುಗರೂ ಈ ಎರಡನ್ನು ಕಲಸಿಕೊಂಡೇ ಬರುತ್ತಾರೆ.

ಆ ಎರಡು ಸಾಲಿನ ಲೆಕ್ಕವನ್ನೇ ಮಾಡೋಣ. ಮೇಲೆ ಏನೂ ಅಡ್ಡವಿಲ್ಲದ ಬಯಲಿನಲ್ಲಿ ಒಳ್ಳೆಯ ಫೋನು ಸಾಮಾನ್ಯವಾಗಿ 5 ಮೀಟರ್ ಆಸುಪಾಸಿನಲ್ಲಿ ಸ್ಥಾನ ಹೇಳುತ್ತದೆ. ನಮ್ಮಲ್ಲಿ ಅಡಿಕೆಯನ್ನು 9 ಅಡಿಗೊಂದು ನೆಡುತ್ತೇವೆ, ಅಂದರೆ 2.7 ಮೀಟರ್. 5 ಮೀಟರ್ ಅಂದರೆ ಹತ್ತಿರ ಹತ್ತಿರ ಎರಡು ಸಾಲು. ಬೇಲಿ 100 ಮೀಟರ್ ಉದ್ದವಿದ್ದರೆ ಎರಡು ಸಾಲಿನಲ್ಲಿ 70 ಮರ ಚಿಲ್ಲರೆ. ಜಾಗದ ಲೆಕ್ಕದಲ್ಲಿ 500 ಚದರ ಮೀಟರ್, ಸುಮಾರು 5 ಗುಂಟೆ. ಯಜಮಾನರು ಹೇಳಿದ 'ಎರಡು ಸಾಲು' ಪೂರ್ತಿಯಾಗಿ ಫೋನಿನ ತಪ್ಪಿನೊಳಗೇ ಹಿಡಿಸುತ್ತದೆ!

ಅದು ಬಯಲಿನ ಮಾತು. ತೋಟದೊಳಗೆ ಹೋದರೆ ಇನ್ನೂ ಜಾಸ್ತಿ.

ಚುಕ್ಕೆಯ ಕೆಳಗೆ ಕಾಣುವ ಗೆರೆಯನ್ನೂ ನೋಡಬೇಕು. ಆ್ಯಪಿನಲ್ಲಿ ಕಾಣುವ ಸರ್ವೆ ನಂಬರಿನ ಗೆರೆ ಎಲ್ಲಿಂದ ಬಂತು? ಹಳೆಯ ಗ್ರಾಮ ನಕ್ಷೆಯಿಂದ. ಅವು ಹೆಚ್ಚಾಗಿ 1:7920 ಅಳತೆಯವು, 8 ಇಂಚಿಗೆ ಒಂದು ಮೈಲಿ. ಅಲ್ಲಿ ಒಂದು ಮಿಲಿಮೀಟರ್ ಅಂದರೆ ನೆಲದ ಮೇಲೆ ಹತ್ತಿರ ಹತ್ತಿರ 8 ಮೀಟರ್. ಅರ್ಧ ಮಿಲಿಮೀಟರ್ ದಪ್ಪದ ಶಾಯಿ ಗೆರೆಯೇ 4 ಮೀಟರ್ ಜಾಗ ತಿನ್ನುತ್ತದೆ. ಕಾಗದ ಮಳೆಗಾಲದ ಥಂಡಿಗೆ ಹಿಗ್ಗಿದ್ದು, ಮಡಚಿದ್ದು, ಸ್ಕ್ಯಾನ್ ಮಾಡಿದ್ದು ಬೇರೆ. ಹೀಗಾಗಿ ದಿಶಾಂಕ್‌ನಂಥ ಆ್ಯಪನ್ನು ನಾನೂ ದಿನಾ ಬಳಸುತ್ತೇನೆ, ಇದು ಯಾವ ಸರ್ವೆ ನಂಬರು ಅಂತ ತಿಳಿಯಲು. ಬೇಲಿ ಎಲ್ಲಿ ಹಾಕಬೇಕು ಅಂತ ತಿಳಿಯಲು ಅಲ್ಲ.

ಕಲಿಯುವವರಿಗೆ ಮೊದಲು ನಾನು ಹೇಳುವುದು ಗರ್ನಾಲಿನ ಕಥೆ. ಮಂಗ, ಹಂದಿ ಓಡಿಸಲು ನಾವು ಹೊಡೆಯುತ್ತೇವಲ್ಲ, ಅದೇ. ಮೂರು ಊರಿನ ಮೂರು ತೋಟದಲ್ಲಿ ಸರಿಯಾಗಿ ಆರು ಗಂಟೆಗೆ ಗರ್ನಾಲು ಹೊಡೆಯುತ್ತಾರೆ ಅಂತಿಟ್ಟುಕೊಳ್ಳಿ. ನೀವು ನಡುವೆ ಎಲ್ಲೋ ಕಾನಿನಲ್ಲಿದ್ದೀರಿ, ಕೈಯಲ್ಲಿ ಗಡಿಯಾರ ಇದೆ. ಮೊದಲ ಸದ್ದು ಆರು ಗಂಟೆ ಮೂರು ಸೆಕೆಂಡಿಗೆ ಕೇಳಿತು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಅಂದರೆ ಆ ತೋಟ ಒಂದು ಕಿಲೋಮೀಟರ್ ದೂರ. ಹೀಗೆ ಮೂರು ದೂರ ಸಿಕ್ಕಿದರೆ ನಕ್ಷೆಯ ಮೇಲೆ ಕೈವಾರ ಎಳೆದು ನಿಮ್ಮ ಜಾಗ ಹಿಡಿಯಬಹುದು. ಆದರೆ ನಿಮ್ಮ ಗಡಿಯಾರ ಒಂದು ಸೆಕೆಂಡ್ ಮುಂದಿದ್ದರೆ ಎಲ್ಲ ದೂರವೂ 340 ಮೀಟರ್ ತಪ್ಪು.

ಜಿಪಿಎಸ್ ಇಷ್ಟೇ. ಗರ್ನಾಲಿನ ಜಾಗದಲ್ಲಿ ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಮೇಲೆ ಸುತ್ತುವ ಉಪಗ್ರಹಗಳು. ಸದ್ದಿನ ಜಾಗದಲ್ಲಿ ಬೆಳಕಿನ ವೇಗದ ರೇಡಿಯೊ ಅಲೆ, ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್. ಇಲ್ಲಿ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ 300 ಮೀಟರ್ ಹೋಯಿತು. ಅದಕ್ಕೇ ಉಪಗ್ರಹದಲ್ಲಿ ಪರಮಾಣು ಗಡಿಯಾರ ಇಟ್ಟಿರುತ್ತಾರೆ. ನಮ್ಮ ಫೋನಿನಲ್ಲಿ ಅಂಥದ್ದು ಇಡಲಾಗುವುದಿಲ್ಲ. ಹಾಗಾಗಿ ನಾಲ್ಕನೆಯ ಉಪಗ್ರಹ ಬೇಕು. ಮೂರು ನಮ್ಮ ಜಾಗಕ್ಕೆ, ಒಂದು ನಮ್ಮ ಗಡಿಯಾರದ ತಪ್ಪು ಹಿಡಿಯಲು. ಅಲ್ಲಿ ಮೇಲೆ ಗಡಿಯಾರ ಓಡುವ ಗತಿಯೇ ಬೇರೆ, ಐನ್‌ಸ್ಟೈನ್ ಹೇಳಿದ ಹಾಗೆ. ದಿನಕ್ಕೆ 38 ಮೈಕ್ರೊಸೆಕೆಂಡ್ ಮುಂದೆ ಹೋಗುತ್ತದೆ. ಅದನ್ನು ಸರಿಪಡಿಸದೆ ಬಿಟ್ಟರೆ ಲೆಕ್ಕ ದಿನಕ್ಕೆ 11 ಕಿಲೋಮೀಟರಿನಷ್ಟು ದಾರಿ ತಪ್ಪುತ್ತದೆ.

ಈ ಕಥೆಯಲ್ಲಿ ಇನ್ನೊಂದು ವಿಷಯ ಇದೆ. ಗರ್ನಾಲು ಹೊಡೆದವನಿಗೆ ನೀವು ಕಾನಿನಲ್ಲಿದ್ದೀರಿ ಅಂತ ಗೊತ್ತಿಲ್ಲ. ಉಪಗ್ರಹಕ್ಕೂ ಗೊತ್ತಿಲ್ಲ. ಫೋನು ಬರೀ ಕೇಳಿಸಿಕೊಳ್ಳುತ್ತದೆ. ಆದ್ದರಿಂದ ಕೊಡಚಾದ್ರಿ ಕಾಡಿನಲ್ಲಿ ನೆಟ್‌ವರ್ಕ್ ಹೋದರೂ ಜಿಪಿಎಸ್ ಹೋಗುವುದಿಲ್ಲ. ಹೋಗುವುದು ನಕ್ಷೆಯ ಚಿತ್ರ. ಮನೆಯಲ್ಲೇ ನಕ್ಷೆ ಇಳಿಸಿಕೊಂಡು ಹೊರಡಿ. ನೆಟ್‌ವರ್ಕ್ ಇಲ್ಲದೆ ಆನ್ ಮಾಡಿದರೆ ಚುಕ್ಕೆ ಬರಲು ತಡವಾಗುತ್ತದೆ, ಯಾಕೆಂದರೆ ಉಪಗ್ರಹ ಸೆಕೆಂಡಿಗೆ 50 ಬಿಟ್ ಲೆಕ್ಕದಲ್ಲಿ ತನ್ನ ವಿವರ ಹೇಳುತ್ತದೆ, ಹರಿಕಥೆ ದಾಸರಿಗಿಂತ ನಿಧಾನ. ಎರಡು ನಿಮಿಷ ಬಯಲಲ್ಲಿ ಸುಮ್ನೆ ನಿಲ್ಲಿ. ಇನ್ನು ಫೋನು ಯಾರದೋ ಕಾಫಿ ತೋಟದ ಗೇಟಿಗೆ ತಂದು ನಿಲ್ಲಿಸಿದರೆ ಉಪಗ್ರಹಕ್ಕೆ ಬೈಯಬೇಡಿ. ಅದು ರಸ್ತೆ ಗುರುತು ಮಾಡಿದವರ ತಪ್ಪು.

ಮಲೆನಾಡಿನಲ್ಲಿ ಆಕಾಶವೇ ಕಷ್ಟ. ಬಯಲುಸೀಮೆಯ ಸರ್ವೆಯರ್‌ಗಳು ಈ ಮಾತನ್ನು ನಂಬುವುದಿಲ್ಲ. ಅಡಿಕೆ ಸೋಗೆ ಒಂದಕ್ಕೊಂದು ತಾಗಿಕೊಂಡ ತೋಟದಲ್ಲಿ ಅಲೆ ಸೋಸಿಕೊಂಡು ಕೆಳಗೆ ಬರುತ್ತದೆ. ಮಳೆ ಬಂದು ಎಲೆ ಒದ್ದೆಯಾಗಿದ್ದರೆ ಇನ್ನೂ ದುರ್ಬಲ, ನೀರು ಅದನ್ನು ಹೀರಿಕೊಳ್ಳುತ್ತದೆ. ಕಣಿವೆಯಲ್ಲಿ ಎರಡೂ ಕಡೆ ಗುಡ್ಡವಿದ್ದರೆ ನೆತ್ತಿಯ ಮೇಲಿನ ಉಪಗ್ರಹಗಳಷ್ಟೇ ಸಿಗುತ್ತವೆ. ಸಂಖ್ಯೆ ಸಾಕಷ್ಟಿದ್ದರೂ ಎಲ್ಲ ಒಂದೇ ಕಡೆ ಗುಂಪಾಗಿದ್ದರೆ ಲೆಕ್ಕ ಅಲುಗಾಡುತ್ತದೆ. ಮೂರೂ ಗರ್ನಾಲು ಒಂದೇ ದಿಕ್ಕಿನಿಂದ ಕೇಳಿದ ಹಾಗೆ. ಎಲ್ಲಕ್ಕಿಂತ ಮೋಸದ್ದು ತಗಡಿನ ಶೀಟು. ಅಡಿಕೆ ಸುಲಿಯುವ ಚಪ್ಪರದ ಪಕ್ಕ ನಿಂತರೆ ಅಲೆ ತಗಡಿಗೆ ಬಡಿದು, ಸುತ್ತಿ ಬಳಸಿ ಬರುತ್ತದೆ. ಉಪಕರಣಕ್ಕೆ ಅದು ನೇರ ಬಂದದ್ದೋ ಬಳಸಿ ಬಂದದ್ದೋ ಗೊತ್ತಾಗುವುದಿಲ್ಲ. ಪರದೆಯ ಮೇಲೆ ಅಂಕಿ ಮಾತ್ರ ಬಹಳ ಧೈರ್ಯದಿಂದ ನಿಂತಿರುತ್ತದೆ.

ಹಾಗಾದರೆ ನಾವು ಸರ್ವೆಗೆ ಒಯ್ಯುವ ಯಂತ್ರ ಏನು ಮಾಡುತ್ತದೆ? ಅದರ ಹೆಸರು ಆರ್‌ಟಿಕೆ. ಒಂದು ಯಂತ್ರ ಗೊತ್ತಿರುವ ಜಾಗದಲ್ಲಿ ಕದಲದೆ ಕೂರುತ್ತದೆ, ಅದು ಬೇಸ್. ಇನ್ನೊಂದನ್ನು ಕೋಲಿಗೆ ಸಿಕ್ಕಿಸಿ ತಿರುಗುತ್ತೇವೆ, ಅದು ರೋವರ್. ಗಾಳಿಯ ಪದರದಿಂದ, ಉಪಗ್ರಹದ ಗಡಿಯಾರದಿಂದ ಆಗುವ ತಪ್ಪು ಇಬ್ಬರಿಗೂ ಒಂದೇ ಥರ ಬರುತ್ತದೆ. ಬೇಸ್‌ಗೆ ತನ್ನ ಜಾಗ ಗೊತ್ತಿರುವುದರಿಂದ ಆ ತಪ್ಪನ್ನು ಹಿಡಿದು ರೋವರ್‌ಗೆ ತಿಳಿಸುತ್ತದೆ. ಜೊತೆಗೆ ಅಲೆಯನ್ನೇ ಅಳೆಯುತ್ತದೆ. ಜಿಪಿಎಸ್‌ನ ಮುಖ್ಯ ಅಲೆ 19 ಸೆಂಟಿಮೀಟರ್ ಉದ್ದ, ಅದರ ಪಾಲು ಹಿಡಿದರೆ ಎರಡು ಸೆಂಟಿಮೀಟರಿನೊಳಗೆ ಸ್ಥಾನ ಸಿಗುತ್ತದೆ. ಈಗ ಸರ್ವೆ ಆಫ್ ಇಂಡಿಯಾದವರು ಕಾರ್ಸ್ ಸ್ಟೇಷನ್, ಅಂದರೆ ಒಂದೇ ಕಡೆ ಕಾಯಂ ಆಗಿ ಕೂತ ಯಂತ್ರ, ಹಾಕಿದ್ದಾರೆ, ಅದೇ ನಮಗೆ ಬೇಸ್ ಆಗುತ್ತದೆ, ಇಂಟರ್‌ನೆಟ್ ಮೂಲಕ. ಶಿವಮೊಗ್ಗ ಪೇಟೆಯಲ್ಲಿ ಆರಾಮ. ಆಗುಂಬೆ ಕಡೆ ಮೊಬೈಲ್ ಕಡ್ಡಿಯೇ ಇಲ್ಲದ ಹಳ್ಳಿಯಲ್ಲಿ? ನಮ್ಮದೇ ಬೇಸ್ ಹೊತ್ತುಕೊಂಡು ಗದ್ದೆ ಬಯಲಿಗೆ ಹೋಗಬೇಕು.

ಪರದೆಯಲ್ಲಿ 'ಫಿಕ್ಸ್' ಅಂತ ಬಂದರೆ ಅಲೆಗಳ ಲೆಕ್ಕ ಬಿಡಿಸಿಯಾಯಿತು ಅಂತ ಅರ್ಥ. 'ಫ್ಲೋಟ್' ಅಂದರೆ ಇನ್ನೂ ಅಂದಾಜು. ಹುಡುಗರಿಗೆ ತಾಳ್ಮೆ ಕಡಿಮೆ. ಜಿಗಣೆ ಹತ್ತುತ್ತಿರುವಾಗ ತಾಳ್ಮೆ ಎಲ್ಲಿಂದ ಬರಬೇಕು ಹೇಳಿ. ಫ್ಲೋಟಿನಲ್ಲೇ ಪಾಯಿಂಟ್ ಒತ್ತಿಬಿಡುತ್ತಾರೆ. ಇನ್ನೂ ಕೆಟ್ಟದ್ದು ಸುಳ್ಳು ಫಿಕ್ಸ್, ಮರದಡಿಯಲ್ಲಿ ಅದು ಆಗುತ್ತದೆ. ಅದಕ್ಕೇ ಒಂದು ನಿಯಮ ಮಾಡಿಕೊಂಡಿದ್ದೇನೆ. ಮುಖ್ಯ ಕಲ್ಲಿಗೆ ಒಮ್ಮೆ ಓದಿದ ಅಂಕಿ ಲೆಕ್ಕಕ್ಕಿಲ್ಲ. ಊಟ ಮುಗಿಸಿ, ಯಂತ್ರ ಮತ್ತೆ ಹೊಸದಾಗಿ ಆನ್ ಮಾಡಿ, ಇನ್ನೊಮ್ಮೆ ಓದಬೇಕು. ಅಷ್ಟರಲ್ಲಿ ಉಪಗ್ರಹಗಳು ಜಾಗ ಬದಲಿಸಿರುತ್ತವೆ. ಎರಡೂ ಅಂಕಿ ಕೂಡಿ ಬಂದರೆ ಬರೆದುಕೊಳ್ಳಬಹುದು. ದಟ್ಟ ತೋಟದೊಳಗೆ ಆರ್‌ಟಿಕೆಯನ್ನು ನಾನು ನಂಬುವುದೇ ಇಲ್ಲ. ಗದ್ದೆಯಲ್ಲಿ ಎರಡು ಪಾಯಿಂಟ್ ಹಿಡಿದು, ಅಲ್ಲಿಂದ ಕೋನ, ದೂರ ಅಳೆಯುವ ದುರ್ಬೀನಿನ ಯಂತ್ರ ಟೋಟಲ್ ಸ್ಟೇಷನ್ ಹಾಕಿ ಒಳಗೆ ಹೋಗುತ್ತೇನೆ. ಅದಕ್ಕೆ ಆಕಾಶ ಬೇಡ, ಕಣ್ಣಿಗೆ ಕಂಡರೆ ಸಾಕು.

ನನ್ನದೇ ಒಂದು ಎಡವಟ್ಟು ಹೇಳುತ್ತೇನೆ. ಕೆಲಸ ಶುರುಮಾಡಿದ ಹೊಸತರಲ್ಲಿ ಗುಡ್ಡ, ಹಳ್ಳ ತೋರಿಸುವ ಹಳೆಯ ಸರ್ವೆ ನಕ್ಷೆಯಿಂದ, ಅಂದರೆ ಟೊಪೊ ಶೀಟಿನಿಂದ, ಒಂದು ಪಾಯಿಂಟಿನ ಅಕ್ಷಾಂಶ ರೇಖಾಂಶ ತೆಗೆದು ಯಂತ್ರಕ್ಕೆ ಕೊಟ್ಟೆ. ಇಡೀ ದಿನ ಸರ್ವೆ ಮಾಡಿ ರಾತ್ರಿ ಕಂಪ್ಯೂಟರಿನಲ್ಲಿ ನೋಡಿದರೆ ಹಳ್ಳ ಗುಡ್ಡದ ಮೇಲೆ ಹರಿಯುತ್ತಿತ್ತು! ಹಳೆಯ ಶೀಟುಗಳು 1830ರಲ್ಲಿ ಜಾರ್ಜ್ ಎವರೆಸ್ಟ್ ಅನ್ನುವ ಸರ್ವೆಯರ್ ಲೆಕ್ಕ ಹಾಕಿದ ಭೂಮಿಯ ಆಕಾರದ ಮೇಲೆ ನಿಂತಿವೆ. ಜಿಪಿಎಸ್ ಡಬ್ಲ್ಯುಜಿಎಸ್-84 ಅನ್ನುವ ಬೇರೆ ಆಕಾರವನ್ನು ಹಿಡಿದಿದೆ. ನಮ್ಮ ಶಿವಮೊಗ್ಗ ಕಡೆ ಎರಡರ ನಡುವೆ ನೂರು ಮೀಟರಿಗಿಂತ ಜಾಸ್ತಿ ವ್ಯತ್ಯಾಸ. ಅಂಕಿ ಕಂಡ ಕೂಡಲೇ 'ಇದು ಯಾವ ಲೆಕ್ಕದ್ದು' ಅಂತ ಕೇಳುವ ಚಾಳಿ ನನಗೆ ಆ ರಾತ್ರಿ ಅಂಟಿದ್ದು.

ಎತ್ತರದ ವಿಷಯದಲ್ಲೂ ಇದೇ ಗೋಳು. ಜಿಪಿಎಸ್ ನೇರವಾಗಿ ಕೊಡುವ ಎತ್ತರ ಸಮುದ್ರಮಟ್ಟದಿಂದ ಅಲ್ಲ, ಆ ಲೆಕ್ಕದ ಆಕಾರದಿಂದ. ದಕ್ಷಿಣ ಭಾರತದಲ್ಲಿ ಸಮುದ್ರಮಟ್ಟ ಆ ಆಕಾರಕ್ಕಿಂತ 80 ಮೀಟರಿಗೂ ಜಾಸ್ತಿ ಕೆಳಗಿದೆ. 1,343 ಮೀಟರಿನ ಕೊಡಚಾದ್ರಿ ತುದಿಯಲ್ಲಿ ಕೆಲವು ಫೋನು 1,260ರ ಸುತ್ತ ತೋರಿಸಿದರೆ ಗಾಬರಿಯಾಗಬೇಡಿ. ಕೆಲವು ಆ್ಯಪ್ ಇದನ್ನು ಸರಿಮಾಡಿ ಹೇಳುತ್ತವೆ, ಕೆಲವು ಇಲ್ಲ. ಒಬ್ಬರು ಅಬ್ಬಿ ನೀರಿಗೆ ಪೈಪ್ ಹಾಕಲು ಗುಡ್ಡದ ಒರತೆಯ ಹತ್ತಿರ ತಮ್ಮ ಫೋನಿನಲ್ಲಿ, ಮನೆಯಂಗಳದಲ್ಲಿ ಮಗನ ಫೋನಿನಲ್ಲಿ ಎತ್ತರ ನೋಡಿದ್ದರು. ಲೆಕ್ಕದ ಪ್ರಕಾರ ಒರತೆ ಮನೆಗಿಂತ ತಗ್ಗಿನಲ್ಲಿತ್ತು! ಒಂದೇ ಫೋನಿನಲ್ಲಿ ನೋಡಿದ್ದರೂ ನಾನು ಒಪ್ಪುತ್ತಿರಲಿಲ್ಲ, ಎತ್ತರದ ತಪ್ಪು ಅಡ್ಡಗಲದ ತಪ್ಪಿಗಿಂತ ಸಾಮಾನ್ಯವಾಗಿ ದೊಡ್ಡದು. ಅಂಥ ಕಡೆ ನೀರು ತುಂಬಿದ ಮಟ್ಟದ ಪೈಪೇ ವಾಸಿ.

ಇಳಿಜಾರಿನ ಜಗಳ ಬೇರೆ. ಕ್ರಯಪತ್ರದ ಒಂದು ಎಕರೆ ಅಂದರೆ ಮಟ್ಟಸವಾಗಿ ಹಿಡಿದ ಎಕರೆ. ಜನ ಹಗ್ಗವನ್ನು ನೆಲಕ್ಕೆ ಹಾಸಿ ಎಳೆಯುತ್ತಾರೆ. 30 ಡಿಗ್ರಿ ಇಳಿಜಾರಿನಲ್ಲಿ ನೆಲಕ್ಕೆ ಹಾಸಿದ 100 ಅಡಿ ಪ್ಲಾನಿನಲ್ಲಿ 86 ಅಡಿ ಚಿಲ್ಲರೆ. ಹಾಗೆ ಅಳೆದ 40 ಗುಂಟೆ ನಮ್ಮ ನಕ್ಷೆಯಲ್ಲಿ 35ಕ್ಕೂ ಕಡಿಮೆ ಬರುತ್ತದೆ. "ಐದು ಗುಂಟೆ ಸರ್ವೆಯೋರು ನುಂಗಿದ್ರು" ಅನ್ನುವ ಮಾತು ಕೇಳಿ ಕೇಳಿ ಅಭ್ಯಾಸವಾಗಿದೆ.

ಜಿಪಿಎಸ್‌ನಂಥದ್ದೇ ನಮ್ಮ ದೇಶದ ಉಪಗ್ರಹ ವ್ಯವಸ್ಥೆ ನಾವಿಕ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಮೊದಲ ಉಪಗ್ರಹ 2013ರ ಜುಲೈಯಲ್ಲಿ ಹೋಯಿತು. ಅವುಗಳ ಮೇಲೆ ನಿಗಾ ಇಡುವ ಕೇಂದ್ರಗಳಲ್ಲಿ ಒಂದು ನಮ್ಮ ಪಕ್ಕದ ಹಾಸನದಲ್ಲೇ ಇದೆ. ಹಿಂದಿನ ಕೆಲವು ಉಪಗ್ರಹಗಳಲ್ಲಿ ಹೊರಗಿನಿಂದ ತಂದ ಪರಮಾಣು ಗಡಿಯಾರ ಕೈಕೊಟ್ಟವು. 2023ರ ಮೇ ತಿಂಗಳಲ್ಲಿ ಹೋದ ಎನ್‌ವಿಎಸ್-01ರಲ್ಲಿ ಇಸ್ರೊದ ಸ್ವಂತ ರುಬಿಡಿಯಂ ಗಡಿಯಾರ ಇದೆ. 2025ರ ಜನವರಿಯ ಎನ್‌ವಿಎಸ್-02 ನಿಗದಿತ ಕಕ್ಷೆ ಮುಟ್ಟಲಿಲ್ಲ. ಹಾಗಾಗಿ ಸದ್ಯಕ್ಕೆ ನಮ್ಮ ಯಂತ್ರಗಳು ಜಿಪಿಎಸ್, ರಷ್ಯಾದ ಗ್ಲೊನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈದೌ ಎಲ್ಲವನ್ನೂ ಸೇರಿಸಿಯೇ ಲೆಕ್ಕ ಹಾಕುತ್ತವೆ. ಮರದ ಸಂದಿಯಲ್ಲಿ ಯಾರ ಉಪಗ್ರಹವಾದರೂ ಕಂಡರೆ ಸಾಕು ನಮಗೆ.

ಕಲಿಯುವ ಆಸೆ ಇದ್ದವರು ಯಂತ್ರ ಕೊಳ್ಳುವ ಮೊದಲು ಹೀಗೆ ಮಾಡಿ. ಮನೆಯಂಗಳದಲ್ಲಿ ಒಂದು ಮೊಳೆ ಹೊಡೆಯಿರಿ. ಒಂದು ವಾರ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅದರ ಮೇಲೆ ಫೋನಿಟ್ಟು ಅಂಕಿ ಬರೆದುಕೊಳ್ಳಿ. ಗ್ರಾಫ್ ಹಾಳೆಯ ಮೇಲೆ ಚುಕ್ಕೆ ಇಡಿ. ಮೊಳೆ ಒಂದೇ, ಚುಕ್ಕೆಗಳು ಅಕ್ಕಿ ಚೆಲ್ಲಿದ ಹಾಗೆ. ಆಮೇಲೆ ತೋಟದೊಳಗೆ ಇನ್ನೊಂದು ಮೊಳೆ. ಅದರ ಚುಕ್ಕೆಗಳು ಇನ್ನೂ ದೂರ ದೂರ ಚೆಲ್ಲಿರುತ್ತವೆ. ನನ್ನ ಹುಡುಗರಿಗೆ ಇದನ್ನು ಮಾಡಿಸಿದ ಮೇಲೇ ರೋವರ್ ಮುಟ್ಟಲು ಬಿಡುವುದು.

ಮತ್ತೆ ತೀರ್ಥಹಳ್ಳಿ ತೋಟಕ್ಕೆ ಬರುತ್ತೇನೆ. ಟಿಪ್ಪಣಿ ತೆಗೆಸಿದ್ದೆವು. ಅದರಲ್ಲಿ ಅಳತೆ ಇರುವುದು ಸರಪಳಿ ಮತ್ತು ಆಣೆಯಲ್ಲಿ. 33 ಅಡಿಯ ಸರಪಳಿ, ಅದಕ್ಕೆ 16 ಆಣೆ. ಅಂದರೆ ದಾಖಲೆಯ ಅತಿ ಸಣ್ಣ ಅಂಕಿಯೇ ಎರಡು ಅಡಿಯಷ್ಟು. ಎರಡು ಸೆಂಟಿಮೀಟರ್ ಯಂತ್ರ ಹಿಡಿದು ಎರಡು ಅಡಿಯ ದಾಖಲೆಯನ್ನು ನೆಲಕ್ಕೆ ಇಳಿಸಬೇಕು, ನಮ್ಮ ಕೆಲಸದ ತಮಾಷೆ ಇದು. ಎರಡು ಹಳೆಯ ಕಲ್ಲು ಸಿಕ್ಕವು, ಒಂದು ಅಗಳದ ಏರಿಯಲ್ಲಿ, ಇನ್ನೊಂದು ಹುತ್ತದ ಬುಡದಲ್ಲಿ. ಅವುಗಳಿಂದ ಮೂರನೆಯದರ ಜಾಗ ಲೆಕ್ಕ ಹಾಕಿ ಗೂಟ ಹೊಡೆದೆವು. ಅಗೆದರೆ ಏನೂ ಇಲ್ಲ. ಸುತ್ತ ಅಗಲ ಮಾಡಿದಾಗ ಒಂದೂವರೆ ಅಡಿ ಆಚೆ ಹಾರೆಗೆ ಕಲ್ಲು ತಾಗಿತು. ಅಡಿಕೆ ಬೇರು ಅದನ್ನು ತಬ್ಬಿಕೊಂಡಿತ್ತು.

ಮೂರು ಕಲ್ಲಿಗೂ ಹಗ್ಗ ಎಳೆದೆವು. ಬೇಲಿ ಒಂದು ತುದಿಯಲ್ಲಿ ಇವರ ಕಡೆ ಎರಡು ಅಡಿ, ಇನ್ನೊಂದು ತುದಿಯಲ್ಲಿ ಅವರ ಕಡೆ ಮೂರು ಅಡಿ ಸರಿದಿತ್ತು. ಎರಡು ಸಾಲು ಯಾರಿಗೂ ಹೋಗಿರಲಿಲ್ಲ. ಯಜಮಾನರು ಮಾತಾಡದೆ ಎಲೆ ಅಡಿಕೆ ಹಾಕಿಕೊಂಡರು. ದಾಯಾದಿ ಮಾತ್ರ ಕುಕ್ಕರುಗಾಲಲ್ಲಿ ಕುಳಿತು, ಕಲ್ಲಿನ ಮೇಲಿನ ಮಣ್ಣು ಒರೆಸಿ, ತಮ್ಮ ಫೋನನ್ನು ಅದರ ಮೇಲಿಟ್ಟು ನೋಡಿದರು. ಚುಕ್ಕೆ ಸ್ವಲ್ಪ ಹೊತ್ತು ಅಲ್ಲಿ ಇಲ್ಲಿ ಅಲೆದು, ಕೊನೆಗೆ ಕೊಟ್ಟಿಗೆಯ ಹತ್ತಿರ ಹೋಗಿ ನಿಂತಿತು.