ಶುಗರ್ ಇರುವವರು ಸಾಕ್ಸ್ ಕೊಳ್ಳುವಾಗ ಒಳಮೈ ನೋಡಿ

ಅಂಗಡಿಯಲ್ಲಿ ಸಾಕ್ಸ್ ಕೈಗೆ ಬಂದ ಕೂಡಲೇ ಒಳಮೈ ಹೊರಗೆ ಬರುವ ಹಾಗೆ ತಿರುವಿ. ಬೆರಳುಗಳ ಹತ್ತಿರ ಅಡ್ಡಕ್ಕೆ ಒಂದು ಹೊಲಿಗೆ ಕಾಣಿಸುತ್ತದೆ. ಅದರ ಮೇಲೆ ಹೆಬ್ಬೆರಳು ಆಡಿಸಿ. ದಪ್ಪ ಏಣು ತಾಗಿದರೆ, ಹೊಲಿಗೆಯ ತುದಿಯಲ್ಲಿ ದಾರದ ಗಂಟು ಸಿಕ್ಕಿದರೆ, ಆ ಜೋಡಿ ಬೇಡ, ವಾಪಸ್ ಕೊಡಿ. ಸಕ್ಕರೆ ಕಾಯಿಲೆಯವರ ಪಾದ ನೋಡುವುದೇ ನನ್ನ ಕೆಲಸ. ಯಾವ ಸಾಕ್ಸ್ ತಗೋಬೇಕು ಅಂತ ಕೇಳಿದವರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ. ಬ್ರಾಂಡು, ಬೆಲೆ, ಬಟ್ಟೆ ಎಲ್ಲ ಆಮೇಲಿನ ಮಾತು.

ಒಂದು ಸಣ್ಣ ಹೊಲಿಗೆಗೆ ಇಷ್ಟೊಂದು ಯಾಕೆ ಅನ್ನಿಸಬಹುದು. ಪಾದಕ್ಕೆ ಸ್ಪರ್ಶ ಸರಿಯಾಗಿದ್ದರೆ, ಆ ಏಣು ಕಿರುಬೆರಳಿಗೆ ಉಜ್ಜಿದ ಸ್ವಲ್ಪ ಹೊತ್ತಿಗೇ ನೀವು ಬೂಟು ಬಿಚ್ಚಿ ಸಾಕ್ಸ್ ಸರಿಮಾಡಿಕೊಳ್ಳುತ್ತೀರಿ. ಶುಗರ್ ವರ್ಷಗಟ್ಟಲೆ ಏರಿದ್ದವರಲ್ಲಿ ಎಷ್ಟೋ ಜನರಿಗೆ ಆ ಸೂಚನೆ ಬರುವುದೇ ನಿಂತಿರುತ್ತದೆ. ಉದ್ದನೆಯ ನರಗಳು ಮೊದಲು ಸೊರಗುತ್ತವೆ. ಅತಿ ಉದ್ದದ ನರಗಳು ಹೋಗುವುದು ಪಾದಕ್ಕೆ. ಹಾಗಾಗಿ ಜೋಮು, ಉರಿ, ಮರಗಟ್ಟುವುದು ಎಲ್ಲ ಅಲ್ಲಿಂದಲೇ ಶುರುವಾಗುತ್ತದೆ. ಬೆವರು ಬರಿಸುವ ನರಗಳೂ ಸೊರಗಿದರೆ ಚರ್ಮ ಒಣಗಿ ಹಿಮ್ಮಡಿ ಒಡೆಯುತ್ತದೆ. ಇದರ ಜೊತೆಗೆ ಕಾಲಿಗೆ ರಕ್ತದ ಓಡಾಟವೂ ಕಡಿಮೆಯಾಗಿದ್ದರೆ ಚಿಕ್ಕ ಗಾಯವೂ ಬೇಗ ಮಾಯುವುದಿಲ್ಲ.

ಸ್ಪರ್ಶ ಎಷ್ಟಿದೆ ಅಂತ ನಾವು ಒಂದು ನೈಲಾನ್ ಎಳೆಯಿಂದ ಪರೀಕ್ಷೆ ಮಾಡುತ್ತೇವೆ. 10 ಗ್ರಾಂ ಒತ್ತಡ ಬಿದ್ದಾಗ ಬಾಗುವ ಎಳೆ ಅದು. ಕಣ್ಣು ಮುಚ್ಚಿಸಿ, ಅಂಗಾಲಿನ ಬೇರೆ ಬೇರೆ ಕಡೆ ಒತ್ತುತ್ತಾ, ಮುಟ್ಟಿದ್ದು ಗೊತ್ತಾದಾಗ ಹೇಳಿ ಅನ್ನುತ್ತೇನೆ. ಕೆಲವರು ಸುಮ್ಮನೆ ಕೂತೇ ಇರುತ್ತಾರೆ. ಕೊನೆಗೆ "ಶುರು ಮಾಡಿ ಡಾಕ್ಟ್ರೇ" ಅನ್ನುತ್ತಾರೆ. ಅಷ್ಟು ಹೊತ್ತಿಗೆ ನಾನು ಎರಡೂ ಪಾದ ಮುಗಿಸಿರುತ್ತೇನೆ. ಅಂಥವರು "ಹಾಕ್ಕೊಂಡು ನೋಡ್ದೆ, ಆರಾಮಾಗಿದೆ" ಅಂತ ಸಾಕ್ಸ್ ಆರಿಸಿದರೆ ಆ ಮಾತನ್ನು ನಂಬುವ ಹಾಗಿಲ್ಲ. ಪಾದಕ್ಕೆ ತಿಳಿಯದ್ದನ್ನು ಕೈಯಿಂದ ಮುಟ್ಟಿ, ಕಣ್ಣಿಂದ ನೋಡಿ ತಿಳಿಯಬೇಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಅನ್ನುವ ಸಕ್ಕರೆ ಕಾಯಿಲೆ ಅಧ್ಯಯನ 2023ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10.1 ಕೋಟಿ. ಶುಗರ್ ಇರುವವರಲ್ಲಿ ಸುಮಾರು ಐವರಲ್ಲಿ ಒಬ್ಬರಿಂದ ಮೂವರಲ್ಲಿ ಒಬ್ಬರವರೆಗೆ, ಜೀವಮಾನದಲ್ಲಿ ಒಮ್ಮೆಯಾದರೂ ಪಾದದ ಹುಣ್ಣು ಕಾಣುತ್ತಾರೆ ಅನ್ನುವುದು ಜಾಗತಿಕ ಅಂದಾಜು. ನಾನು ನೋಡುವ ಹುಣ್ಣುಗಳಲ್ಲಿ ದೊಡ್ಡ ಅಪಘಾತದಿಂದ ಆದವು ಕಡಿಮೆ. ಉಜ್ಜಿದ್ದು, ಒತ್ತಿದ್ದು, ಬೊಬ್ಬೆ ಎದ್ದು ಒಡೆದದ್ದು, ಇವೇ ಜಾಸ್ತಿ.

ಒಬ್ಬರ ವಿಷಯ ಹೇಳುತ್ತೇನೆ. ಅಪಾರ್ಟ್‌ಮೆಂಟ್ ಒಂದರಲ್ಲಿ ಸೆಕ್ಯೂರಿಟಿ ಕೆಲಸ, 12 ಗಂಟೆಯ ಶಿಫ್ಟು. ಕಪ್ಪು ಬೂಟು, ಕಪ್ಪು ನೈಲಾನ್ ಸಾಕ್ಸ್, ಎರಡೂ ಯೂನಿಫಾರ್ಮಿನ ಭಾಗ. ಹೆಂಡತಿಯೇ ಒತ್ತಾಯ ಮಾಡಿ ಕರೆದುಕೊಂಡು ಬಂದಿದ್ದರು. "ನೋವೇನೂ ಇಲ್ಲ ಸಾರ್, ಇವಳೇ ಸುಮ್ನೆ ಗಾಬರಿ ಮಾಡ್ಕೊಂಡಿದಾಳೆ" ಅಂತ ಅವರು. "ಒಗೆಯೋಕೆ ನೆನೆಸಿದ್ರೆ ನೀರು ಕೆಂಪಗಾಯ್ತು ಡಾಕ್ಟ್ರೇ. ಬಣ್ಣ ಬಿಡ್ತಿದೆ ಅಂದ್ಕೊಂಡೆ. ಆಮೇಲೆ ವಾಸನೆ ಬಂತು" ಅಂತ ಆಕೆ. ಸಾಕ್ಸ್ ತೆಗೆಸಿದೆ. ಕಿರುಬೆರಳ ಪಕ್ಕ ಚರ್ಮ ಕಿತ್ತು ಕೀವು ತುಂಬಿತ್ತು. ಹೊಲಿಗೆಯ ಕೊನೆಯ ಗಂಟು ಸರಿಯಾಗಿ ಅದೇ ಜಾಗಕ್ಕೆ ಬರುತ್ತಿತ್ತು. ಸಾಕ್ಸಿನ ಆ ಭಾಗ ಕೈಗೆ ಒರಟಾಗಿ ತಾಗುತ್ತಿತ್ತು, ಆದರೆ ಕಪ್ಪು ಬಟ್ಟೆಯಲ್ಲಿ ಕಲೆ ಕಾಣುತ್ತಲೇ ಇರಲಿಲ್ಲ. ಬೆರಳು ಉಳಿಯಿತು. ಮಾಯಲು ಮಾತ್ರ ತಿಂಗಳುಗಳೇ ಬೇಕಾದವು, ಅಷ್ಟೂ ದಿನ ಸಂಬಳವಿಲ್ಲ.

ಬಿಳಿ ಅಥವಾ ತಿಳಿ ಬಣ್ಣದ ಸಾಕ್ಸ್ ಹಾಕಿ ಅಂತ ನಾವು ಹೇಳುವುದು ಇದಕ್ಕೇ. ಒಂದು ಹನಿ ರಕ್ತ, ಒಂದಿಷ್ಟು ಹಳದಿ ನೀರು ಸೋರಿದರೂ ಸಂಜೆ ಬಿಚ್ಚುವಾಗ ಕಾಣಬೇಕು. ಮಣ್ಣಾಗುತ್ತದೆ, ಒಗೆಯುವುದು ಕಷ್ಟ ಅನ್ನುತ್ತಾರೆ. ನಿಜ, ಆದರೂ ಬಿಳಿಯೇ ಇರಲಿ. ಯೂನಿಫಾರ್ಮಿಗೆ ಕಪ್ಪೇ ಬೇಕು ಅನ್ನುವ ಪೊಲೀಸರು, ಡ್ರೈವರುಗಳು, ಸೆಕ್ಯೂರಿಟಿಯವರಿಗೆ ಒಂದು ದಾರಿ ಇದೆ. ಮೇಲೆ ಕಪ್ಪು, ಅಂಗಾಲು ಮತ್ತು ಬೆರಳಿನ ಭಾಗ ಮಾತ್ರ ಬಿಳಿ ಅಥವಾ ತಿಳಿ ಬೂದು ಇರುವ ಸಾಕ್ಸ್ ಸಿಗುತ್ತವೆ. ಬೂಟಿನ ಹೊರಗೆ ಕಾಣುವುದು ಕಪ್ಪೇ. ಅದೂ ಸಿಗದಿದ್ದರೆ ಒಳಗೆ ತೆಳು ಬಿಳಿ ಸಾಕ್ಸ್ ಹಾಕಿ ಮೇಲೆ ಕಪ್ಪು ಹಾಕಬಹುದು, ಆದರೆ ಬೂಟಿನಲ್ಲಿ ಜಾಗ ಇದ್ದರೆ ಮಾತ್ರ.

ಹೊಲಿಗೆಯೇ ಇಲ್ಲದ ಸಾಕ್ಸ್ ಬೇಕೆಂದರೆ ಅಂಗಡಿಯಲ್ಲಿ ಸೀಮ್‌ಲೆಸ್ ಅಂತ ಕೇಳಿ. ಸಿಗದಿದ್ದರೆ ಇರುವುದನ್ನೇ ಒಳಮೈ ಹೊರಗೆ ಮಾಡಿ ಹಾಕಿಕೊಳ್ಳಿ. ನೋಡಲು ಚೆಂದ ಇರುವುದಿಲ್ಲ, ಬೂಟಿನೊಳಗೆ ಯಾರು ನೋಡುತ್ತಾರೆ? ಪ್ಯಾಕೆಟ್ ಮೇಲೆ 'ಡಯಾಬಿಟಿಕ್' ಅಂತ ಅಚ್ಚಾಗಿದ್ದರೆ ಸಾಕು ಅಂತ ತಿಳಿಯಬೇಡಿ. ಹಾಗೆ ಬರೆದ ಪ್ಯಾಕೆಟ್ಟಿನೊಳಗೂ ದಪ್ಪ ಹೊಲಿಗೆ ನೋಡಿದ್ದೇನೆ. ಬೆಳ್ಳಿಯ ಎಳೆ, ತಾಮ್ರದ ಎಳೆ ಸೇರಿಸಿದ್ದು ಅಂತ ದುಬಾರಿ ಬೆಲೆಗೆ ಮಾರುವುದೂ ಇದೆ. ಅದು ಔಷಧಿ ಅಲ್ಲ. ಆ ದುಡ್ಡಿನಲ್ಲಿ ಒಳ್ಳೆಯ ಸಾಧಾರಣ ಸಾಕ್ಸ್ ನಾಲ್ಕೈದು ಜೋಡಿ ತಗೊಂಡು ದಿನವೂ ಬದಲಾಯಿಸುವುದು ಮೇಲು ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಮೇಲಿನ ಎಲಾಸ್ಟಿಕ್. ಸಂಜೆ ಸಾಕ್ಸ್ ತೆಗೆದಾಗ ಕಾಲಿನ ಸುತ್ತ ಆಳವಾದ ಗೆರೆ ಬಿದ್ದಿದ್ದರೆ ಅದು ಬಿಗಿ ಜಾಸ್ತಿ. ಬಾಯಿ ಅಗಲವಾಗಿ, ಸಡಿಲ ನೇಯ್ಗೆಯಿಂದಲೇ ನಿಲ್ಲುವ ಸಾಕ್ಸ್ ಆರಿಸಿ. ಮನೆಯಲ್ಲಿರುವ ಬಿಗಿ ಸಾಕ್ಸಿನ ಎಲಾಸ್ಟಿಕ್ಕನ್ನು ಕತ್ತರಿಯಿಂದ ಕತ್ತರಿಸಿ ಹಾಕುವವರಿದ್ದಾರೆ. ಅದು ಜಾರಿ ಪಾದದ ಕೆಳಗೆ ಮುದುರಿಕೊಂಡರೆ ಆ ಮಡಿಕೆಯೇ ಹೊಸ ತೊಂದರೆ. ಸಾಕ್ಸ್ ಸಡಿಲವಿದ್ದರೂ ದಿನಾ ಗೆರೆ ಬೀಳುತ್ತಿದ್ದರೆ ಕಾಲೇ ಬಾತಿದೆ ಅಂತ ಅರ್ಥ. ಆಗ ಹೃದಯ, ಕಿಡ್ನಿ ಒಮ್ಮೆ ತೋರಿಸಿಕೊಳ್ಳಬೇಕು.

ಇಲ್ಲಿ ಸ್ವಲ್ಪ ಗಟ್ಟಿಯಾಗಿ ಒಂದು ಮಾತು ಹೇಳಬೇಕು. ಕಾಲು ಬಾತಿದೆ ಅಂತ ಮೆಡಿಕಲ್ ಶಾಪಿಗೆ ಹೋಗಿ ಮೊಣಕಾಲ ತನಕ ಬರುವ ಬಿಗಿ ಸ್ಟಾಕಿಂಗ್ಸ್ ನೀವೇ ತಂದು ಹಾಕಿಕೊಳ್ಳಬೇಡಿ. ಉಬ್ಬಿದ ರಕ್ತನಾಳ ಇರುವವರಿಗೆ ಅದು ಒಳ್ಳೆಯದೇ. ಆದರೆ ಶುಗರ್ ಇರುವವರ ಕಾಲಿಗೆ ರಕ್ತ ತರುವ ನಾಳಗಳೇ ಕಿರಿದಾಗಿದ್ದರೆ, ಆ ಬಿಗಿ ಇದ್ದಷ್ಟು ರಕ್ತವನ್ನೂ ತಡೆಯುತ್ತದೆ. ಮೊದಲು ಕಾಲಿನ ಬಿಪಿ, ತೋಳಿನ ಬಿಪಿ ಹೋಲಿಸಿ ನೋಡುವ ಪರೀಕ್ಷೆ ಆಗಬೇಕು. ಶುಗರ್ ಹಳೆಯದಾದರೆ ನಾಳದ ಗೋಡೆ ಸುಣ್ಣಗಟ್ಟಿ ಗಡುಸಾಗುತ್ತದೆ, ಆಗ ಈ ಪರೀಕ್ಷೆಯೂ ಎಲ್ಲ ಚೆನ್ನಾಗಿದೆ ಅಂತ ತಪ್ಪು ತೋರಿಸಬಹುದು. ಅಂಥವರಲ್ಲಿ ಕಾಲಿನ ಹೆಬ್ಬೆರಳಿನ ರಕ್ತದೊತ್ತಡವನ್ನೇ ಅಳೆದು ನೋಡುತ್ತೇವೆ. ಇದನ್ನು ಅಂಗಡಿ ಕೌಂಟರಿನಲ್ಲಿ ತೀರ್ಮಾನ ಮಾಡಲು ಆಗುವುದಿಲ್ಲ.

ಬಟ್ಟೆ ಯಾವುದು ಅನ್ನುವ ಪ್ರಶ್ನೆಗೆ ನೂರಕ್ಕೆ ನೂರು ಕಾಟನ್ ಅನ್ನುವುದು ಎಲ್ಲರ ಬಾಯಲ್ಲಿರುವ ಉತ್ತರ. ಕಾಟನ್ ಮೆತ್ತಗಿರುತ್ತದೆ, ಬೆವರು ಹೀರುತ್ತದೆ, ಆದರೆ ಹೀರಿದ್ದನ್ನು ಬೇಗ ಬಿಡುವುದಿಲ್ಲ. ಒದ್ದೆ ಸಾಕ್ಸಿನಲ್ಲಿ ಚರ್ಮ ಬೇಗ ಉಜ್ಜಿಹೋಗುತ್ತದೆ, ಬೆರಳ ಸಂದಿಯಲ್ಲಿ ಫಂಗಸ್ ಬರುತ್ತದೆ. ಕಾಟನ್ ಜೊತೆ ಬೇಗ ಒಣಗುವ ಎಳೆ, ಸ್ವಲ್ಪ ಹಿಗ್ಗುವ ಎಳೆ ಸೇರಿದ ಸಾಕ್ಸ್ ದಿನವಿಡೀ ಬೂಟು ಹಾಕುವವರಿಗೆ ಚೆನ್ನ. ಪೂರ್ತಿ ನೈಲಾನ್ ಬೇಡ. ಕಾಟನ್ನೇ ಇದ್ದರೆ ಮಧ್ಯಾಹ್ನ ಒಮ್ಮೆ ಬದಲಾಯಿಸಿ. ಮಳೆಗಾಲದಲ್ಲಿ ಗಂಬೂಟು ಹಾಕಿ ತೋಟಕ್ಕೆ ಹೋಗುವ ಮಲೆನಾಡಿನವರಿಗೆ ಇದು ಇನ್ನೂ ಮುಖ್ಯ, ಜೇಬಿನಲ್ಲಿ ಇನ್ನೊಂದು ಒಣ ಜೋಡಿ ಇರಲಿ. ಜಿಗಣೆಗೆ ಅಂತ ಮೊಣಕಾಲ ಕೆಳಗೆ ದಾರ ಬಿಗಿದು ಕಟ್ಟುವ ಸಾಕ್ಸ್ ಹಾಕುತ್ತಿದ್ದರೆ, ಆ ಗಂಟಿನ ಒಳಗೆ ಎರಡು ಬೆರಳು ಸುಲಭವಾಗಿ ಹೋಗಬೇಕು.

ಫ್ರೀ ಸೈಜ್ ಸಾಕ್ಸ್ ನನಗೆ ಇಷ್ಟವಿಲ್ಲ. ಚಿಕ್ಕದಾದರೆ ಬೆರಳು ಮಡಚಿಸುತ್ತದೆ, ದೊಡ್ಡದಾದರೆ ಮುದುರುತ್ತದೆ. ಅಂಗಾಲಿಗೆ ಮೆತ್ತೆ ಇರುವ ದಪ್ಪ ಸಾಕ್ಸ್ ಒತ್ತಡ ಕಡಿಮೆ ಮಾಡುತ್ತದೆ, ಆದರೆ ಹಳೆಯ ಬೂಟಿಗೆ ಅದನ್ನು ತುರುಕಿದರೆ ಮೇಲಿಂದ ಒತ್ತುತ್ತದೆ. ಬೂಟು ಕೊಳ್ಳಲು ಸಂಜೆ ಹೋಗಿ, ಆಗ ಪಾದ ತುಸು ಬಾತಿರುತ್ತದೆ. ದಿನಾ ಹಾಕುವ ಸಾಕ್ಸ್ ಹಾಕಿಕೊಂಡೇ ಅಳತೆ ನೋಡಿ. ಬೂಟಿನ ಒಳ ಉದ್ದ ಪಾದಕ್ಕಿಂತ 1ರಿಂದ 2 ಸೆಂಟಿಮೀಟರ್ ಹೆಚ್ಚಿರಬೇಕು.

ಹೆಂಗಸರ ವಿಷಯದಲ್ಲಿ ಕಾಲುಂಗುರದ ಬಗ್ಗೆ ಯಾರೂ ಹೇಳುವುದಿಲ್ಲ. ಸಾಕ್ಸ್, ಅದರ ಮೇಲೆ ಬೂಟು, ಒಳಗೆ ಕಾಲುಂಗುರ ಇದ್ದರೆ ಪಕ್ಕದ ಬೆರಳಿಗೆ ಅದು ದಿನವಿಡೀ ಒತ್ತುತ್ತಿರುತ್ತದೆ. ಕಾಲು ಬಾತಾಗ ಬೆರಳಿಗೇ ಬಿಗಿಯುತ್ತದೆ. ತೆಗೆಯುವುದು ಬೇಡ ಅನ್ನುವವರ ಮನಸ್ಸು ನನಗೆ ಅರ್ಥವಾಗುತ್ತದೆ. ಅಂಥವರಿಗೆ ಬಾಯಿ ತೆರೆದ, ಸಡಿಲ ಮಾಡಬಹುದಾದ, ಅಂಚು ನಯವಾಗಿರುವ ಒಂದೇ ಸುತ್ತಿನ ಉಂಗುರ ಹಾಕಿ, ಸಾಕ್ಸ್ ತೆಗೆದಾಗ ಅದನ್ನು ಸರಿಸಿ ಅಡಿಯ ಚರ್ಮ ನೋಡಿ ಅನ್ನುತ್ತೇನೆ. ಬೆರಳು ಬಾತಿದ್ದರೆ, ಗಾಯವಿದ್ದರೆ ಮಾತ್ರ ತೆಗೆಯಲೇಬೇಕು. ಸ್ಪರ್ಶ ಕಡಿಮೆಯಾದವರಿಗೆ ಹೆಬ್ಬೆರಳಿಗೆ ಪಟ್ಟಿ ಬರುವ ಹವಾಯಿ ಚಪ್ಪಲಿಯೂ ಬೇಡ. ಅದನ್ನು ಹಾಕಲೆಂದು ಹೆಬ್ಬೆರಳು ಬೇರೆ ಮಾಡಿದ ಸಾಕ್ಸ್ ಕೊಂಡರೆ ಸಂದಿಯಲ್ಲಿ ಇನ್ನೊಂದು ಹೊಲಿಗೆ ಸೇರಿಕೊಂಡ ಹಾಗಾಯಿತು.

ಮನೆಯೊಳಗೆ ಬರಿಗಾಲಲ್ಲಿ ಓಡಾಡಬೇಡಿ ಅಂದರೆ "ಸಾಕ್ಸ್ ಹಾಕ್ಕೊಂಡಿರ್ತೀನಲ್ಲ" ಅನ್ನುತ್ತಾರೆ. ಸಾಕಾಗುವುದಿಲ್ಲ. ಗುಂಡುಸೂಜಿಯನ್ನು ಸಾಕ್ಸ್ ತಡೆಯುವುದಿಲ್ಲ, ಟೈಲ್ಸ್ ಮೇಲೆ ಜಾರುವುದು ಬೇರೆ. ಮನೆಗೆ ಅಂತಲೇ ಹಿಂದೆ ಪಟ್ಟಿ ಇರುವ ಮೆತ್ತನೆಯ ಚಪ್ಪಲಿ ಇಟ್ಟುಕೊಳ್ಳಿ. ದೇವಸ್ಥಾನದ ಮಾತೂ ಇದೇ. ಶ್ರವಣಬೆಳಗೊಳದಲ್ಲಿ ಬೆಟ್ಟ ಹತ್ತುವವರು ಚಪ್ಪಲಿ ಕೆಳಗೇ ಬಿಡಬೇಕು. ಬಂಡೆ ಸುಡುತ್ತದೆ ಅಂತ ಅಲ್ಲೇ ಸಾಕ್ಸ್ ಮಾರುತ್ತಾರೆ. ಬಿಸಿ ಗೊತ್ತಾಗುವ ಪಾದಕ್ಕೆ ಅದು ಸಹಾಯ. ಗೊತ್ತಾಗದ ಪಾದಕ್ಕೆ, ಸುಡುತ್ತಿದ್ದರೂ ಹತ್ತುತ್ತಲೇ ಹೋಗುವ ಧೈರ್ಯ ಕೊಡುತ್ತದೆ. ಸ್ಪರ್ಶ ಕಳೆದುಕೊಂಡವರು ಬಿಸಿಲೇರುವ ಮೊದಲೇ ದರ್ಶನ ಮುಗಿಸಿಕೊಳ್ಳಬೇಕು. ಚಳಿಗಾಲದ ರಾತ್ರಿ ಪಾದ ತಣ್ಣಗಾದರೆ ಸಡಿಲ ಸಾಕ್ಸ್ ಹಾಕಿ ಮಲಗಿ. ಬಿಸಿನೀರಿನ ಬ್ಯಾಗು, ಒಲೆಯ ಮುಂದೆ ಕಾಲು ಚಾಚುವುದು ಬೇಡವೇ ಬೇಡ.

ಹಾಕುವ ಮುಂಚೆ ಸಾಕ್ಸಿನೊಳಗೆ, ಬೂಟಿನೊಳಗೆ ಕೈ ಹಾಕಿ ನೋಡಿ. ಪಾದಕ್ಕೆ ಕೊಬ್ಬರಿ ಎಣ್ಣೆಯೋ ಕ್ರೀಮೋ ಹಚ್ಚಬಹುದು, ಬೆರಳ ಸಂದಿಗೆ ಮಾತ್ರ ಬೇಡ. ತೂತು ಬಿದ್ದ ಸಾಕ್ಸನ್ನು ಹೊಲಿದು ಹಾಕಬೇಡಿ. ಸಂಜೆ ತೆಗೆದ ಮೇಲೆ ಸಾಕ್ಸಿನ ಒಳಭಾಗವನ್ನು ಬೆಳಕಿಗೆ ಹಿಡಿದು ನೋಡಿ, ಆಮೇಲೆ ಅಂಗಾಲು ನೋಡಿ. ಬಗ್ಗಲು ಆಗದವರು ಕನ್ನಡಿ ನೆಲಕ್ಕಿಟ್ಟು ನೋಡಬಹುದು, ಕಣ್ಣು ಮಂಜಾದವರು ಮನೆಯವರಿಗೆ ತೋರಿಸಬೇಕು.

ಕಲೆ ಕಂಡರೆ ನೋವಿಲ್ಲ ಅಂತ ಸುಮ್ಮನಿರಬೇಡಿ. ಆ ಪಾದದ ಮೇಲೆ ಓಡಾಡುವುದು ನಿಲ್ಲಿಸಿ. ಶುದ್ಧ ನೀರಲ್ಲಿ ತೊಳೆದು, ಒಣ ಗಾಜ್ ಬಟ್ಟೆ ಸಡಿಲವಾಗಿ ಸುತ್ತಿ. ಅರಿಶಿನ, ಕಾಫಿಪುಡಿ ಹಾಕಬೇಡಿ. ಆಣಿ ಇದ್ದರೆ ಕಾರ್ನ್ ಕ್ಯಾಪ್ ಅಂಟಿಸಬೇಡಿ, ಅದರಲ್ಲಿರುವ ಆಮ್ಲ ಒಳ್ಳೆಯ ಚರ್ಮವನ್ನೂ ತಿನ್ನುತ್ತದೆ. ಅವತ್ತೇ ಇಲ್ಲ ಮಾರನೇ ದಿನ ಡಾಕ್ಟರಿಗೆ ತೋರಿಸಿ. ಬರುವಾಗ ಆ ಸಾಕ್ಸ್, ಆ ಬೂಟು ಎರಡನ್ನೂ ತನ್ನಿ, ಗಾಯಕ್ಕೆ ಕಾರಣ ಅದರಲ್ಲೇ ಸಿಗುವುದು ಉಂಟು. ಕೆಂಪು ಹರಡುತ್ತಿದ್ದರೆ, ಜ್ವರ ಬಂದರೆ, ಬೆರಳು ಕಪ್ಪಾದರೆ ಬೆಳಗಾಗಲಿ ಅಂತ ಕಾಯದೆ ಅದೇ ರಾತ್ರಿ ಆಸ್ಪತ್ರೆಗೆ ಹೊರಡಿ.