ಹೂಳೆತ್ತುವ ಮೊದಲು ನೀರುಗಂಟಿಯನ್ನು ಹುಡುಕಿ

ಊರಿನ ಕೆರೆಯನ್ನು ಪುನಶ್ಚೇತನಗೊಳಿಸಲು ಹೊರಟ ಸೇವಾ ಟ್ರಸ್ಟ್‌ನವರು ಸಲಹೆ ಕೇಳಿ ಬಂದಾಗ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಕಾಮಗಾರಿ ಮುಗಿದ ಮೂರನೆಯ ವರ್ಷ ತೂಬು, ಅಂದರೆ ಕೆರೆಯಿಂದ ಗದ್ದೆಗೆ ನೀರು ಬಿಡುವ ಬಾಗಿಲು, ಎತ್ತುವ ನೀರುಗಂಟಿ ಯಾರು? ಎಷ್ಟು ಲೋಡ್ ಹೂಳು ತೆಗೆಯುತ್ತೇವೆ, ಯಾವ ಕಂಪನಿ ಹಣ ಕೊಡುತ್ತದೆ, ಭೂಮಿಪೂಜೆಗೆ ಯಾರು ಬರುತ್ತಾರೆ ಎಂಬುದಕ್ಕೆಲ್ಲ ಅವರ ಬಳಿ ಉತ್ತರ ಸಿದ್ಧವಿರುತ್ತದೆ. ಈ ಒಂದು ಪ್ರಶ್ನೆಗೆ ಮಾತ್ರ ಬಹುತೇಕ ಸಲ ಇರುವುದಿಲ್ಲ.

ಹೂಳಿನ ಲೆಕ್ಕವನ್ನೇ ಮೊದಲು ನೋಡೋಣ. ಒಂದು ಎಕರೆಯಲ್ಲಿ ಒಂದು ಅಡಿ ಆಳ ಅಗೆದರೆ 43,560 ಘನ ಅಡಿ ಮಣ್ಣು ಬರುತ್ತದೆ, ಅಷ್ಟೇ ಜಾಗದಲ್ಲಿ ಮುಂದೆ ಸುಮಾರು 12.3 ಲಕ್ಷ ಲೀಟರ್ ನೀರು ನಿಲ್ಲಬಹುದು. ಟ್ರ್ಯಾಕ್ಟರಿಗೆ 100 ಘನ ಅಡಿ ಎಂದಿಟ್ಟುಕೊಂಡರೂ ಅದು 435ಕ್ಕೂ ಹೆಚ್ಚು ಲೋಡು. ಅಗೆದ ಮಣ್ಣು ಸಡಿಲಗೊಂಡು ಉಬ್ಬುವುದರಿಂದ ಲೋಡುಗಳು ಇನ್ನೂ ಹೆಚ್ಚುತ್ತವೆ. ಈ ಮಣ್ಣು ಯಾರ ಹೊಲಕ್ಕೆ ಹೋಗುತ್ತದೆ ಎಂಬಲ್ಲಿಯೇ ಊರಿನ ನ್ಯಾಯ ಅಡಗಿದೆ. ಸ್ವಂತ ಟ್ರ್ಯಾಕ್ಟರ್ ಇರುವ ನಾಲ್ಕು ಮನೆಯವರು ಮೊದಲ ವಾರದಲ್ಲೇ ಒಳ್ಳೆಯ ಗೋಡುಮಣ್ಣನ್ನೆಲ್ಲ ಸಾಗಿಸಿಕೊಂಡರೆ, ಅರ್ಧ ಎಕರೆಯ ಒಡೆಯನಿಗೆ ಉಳಿಯುವುದು ಕಾಲುವೆ ಬಂದು ಸೇರುವ ಮೂಲೆಯ ಮರಳುಮಿಶ್ರಿತ ಮಣ್ಣು. ಒದ್ದೆ ಹೂಳನ್ನು ಅಂಗೈಯಲ್ಲಿ ಹಿಡಿದು ಉಂಡೆ ಕಟ್ಟಿ ನೋಡಿದರೆ ಈ ವ್ಯತ್ಯಾಸ ಯಾರಿಗಾದರೂ ತಿಳಿಯುತ್ತದೆ: ಗೋಡುಮಣ್ಣು ಜಿಗುಟಾಗಿ ಅಂಟಿ ನಿಲ್ಲುತ್ತದೆ, ಇನ್ನೊಂದು ಬೆರಳ ಸಂದಿಯಲ್ಲೇ ಉದುರಿಹೋಗುತ್ತದೆ. ಆದ್ದರಿಂದ ಸಣ್ಣ ಹಿಡುವಳಿದಾರರಿಗೆ ಮೊದಲು ಚೀಟಿ ಕೊಟ್ಟು, ಅವರ ಸಾಗಣೆಯ ಬಾಡಿಗೆಯನ್ನು ಟ್ರಸ್ಟ್ ಭರಿಸಿ, ದೊಡ್ಡ ರೈತರು ತಮ್ಮ ಖರ್ಚಿನಲ್ಲಿ ಒಯ್ಯುವಂತೆ ಮಾಡುವ ವ್ಯವಸ್ಥೆಯನ್ನೇ ನಾನು ಸದಾ ಸೂಚಿಸುತ್ತೇನೆ. ಕೆರೆಯ ನೀರನ್ನು ತಡೆದು ನಿಲ್ಲಿಸುವ ಏರಿಯ ಬುಡದಲ್ಲಿ ಮಾತ್ರ ಯಾರಿಗೂ ಅಗೆಯಲು ಬಿಡಬಾರದು. ಅಲ್ಲಿ ತೋಡಿದ ಗುಂಡಿಗಳು ಏರಿಯನ್ನೇ ದುರ್ಬಲಗೊಳಿಸುತ್ತವೆ.

ನನ್ನ ವೃತ್ತಿಯ ಆರಂಭದ ವರ್ಷಗಳಲ್ಲಿ ಒಂದು ಊರಿನಲ್ಲಿ ಸಂಗ್ರಹವಾದ ಹಣವನ್ನೆಲ್ಲ ಹೂಳೆತ್ತುವುದಕ್ಕೇ ಸುರಿದೆವು. ಕೆರೆಗೆ ನೀರು ತರುವ ರಾಜಕಾಲುವೆ ಮೇಲ್ಭಾಗದಲ್ಲಿ ಒತ್ತುವರಿಯಾಗಿತ್ತು, ಅದನ್ನು ಮುಟ್ಟಿದರೆ ಜಗಳವಾಗುತ್ತದೆಂದು ಎಲ್ಲರೂ ಸುಮ್ಮನಾದರು. ಆ ವರ್ಷ ಮಳೆ ಚೆನ್ನಾಗಿಯೇ ಬಂತು, ಆದರೆ ನೀರು ರಸ್ತೆಯ ಮೇಲೆ ಹರಿದು ಪಕ್ಕದ ಹಳ್ಳ ಸೇರಿತು; ಅಷ್ಟು ಅಗೆದ ಕೆರೆಯಂಗಳದಲ್ಲಿ ಮೊಣಕಾಲುದ್ದದ ನೀರೂ ನಿಲ್ಲಲಿಲ್ಲ. ಆ ಅಂದಾಜುಪಟ್ಟಿಗೆ ಸಹಿ ಹಾಕಿದವನು ನಾನೇ. ಅಂದಿನಿಂದ ಕಾಲುವೆಯ ಸರ್ವೆ ಮುಗಿದು, ಒತ್ತುವರಿ ತೆರವಿನ ಮಾತುಕತೆ ಒಂದು ಹಂತಕ್ಕೆ ಬರುವವರೆಗೆ ಕೆರೆಯಂಗಳಕ್ಕೆ ಜೆಸಿಬಿ ಇಳಿಸಲು ನಾನು ಒಪ್ಪಿಲ್ಲ. ತುಂಬಿದ ಕೆರೆಯ ಹೆಚ್ಚುವರಿ ನೀರು ಹೊರಹರಿಯುವ ಕೋಡಿಯನ್ನು ಒಂದು ಗೇಣು ಎತ್ತರಿಸಿ ಎಂಬ ಬೇಡಿಕೆಯ ವಿಷಯದಲ್ಲಿಯೂ ಅಷ್ಟೇ ಎಚ್ಚರ ಬೇಕು, ಏಕೆಂದರೆ ಆ ಒಂದು ಗೇಣಿಗೆ ಹಿನ್ನೀರಿನ ಅಂಚಿನಲ್ಲಿರುವ ಯಾರದೋ ಹೊಲ ಮುಳುಗುತ್ತದೆ.

ಇನ್ನು ನೀರುಗಂಟಿಯ ವಿಚಾರ. ಕೋಲಾರ, ತುಮಕೂರು ಭಾಗದ ಕೆರೆಗಳಲ್ಲಿ ತೂಬು ಎತ್ತಿ ಇಳಿಸುವುದು, ಅಚ್ಚುಕಟ್ಟಿನ, ಅಂದರೆ ಕೆರೆಯ ನೀರಿನಿಂದ ಬೆಳೆಯುವ, ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುವುದು, ಮಳೆಯ ರಾತ್ರಿಗಳಲ್ಲಿ ಏರಿ ಕಾಯುವುದು ಇವರ ಹೊಣೆಯಾಗಿತ್ತು. ಬಹುಪಾಲು ದಲಿತ ಕುಟುಂಬಗಳಿಗೆ ಸೇರಿದ ಇವರಿಗೆ ಸುಗ್ಗಿಯಲ್ಲಿ ಕಣದಿಂದ ಧಾನ್ಯದ ಪಾಲು ಸಲ್ಲುತ್ತಿತ್ತು. ಕೊಳವೆಬಾವಿಗಳು ಬಂದ ಮೇಲೆ ಅಚ್ಚುಕಟ್ಟಿನ ರೈತರಿಗೆ ತೂಬಿನ ಹಂಗು ತಪ್ಪಿತು, ಧಾನ್ಯದ ಪಾಲೂ ನಿಂತಿತು. ಈಗ ಕೆರೆ ಮರಳಿ ತುಂಬಿದಾಗ ಆ ಕೆಲಸವನ್ನು ಬಿಟ್ಟಿಚಾಕರಿಯ ರೂಪದಲ್ಲಿ ಅದೇ ಕೇರಿಯವರ ತಲೆಗೆ ಕಟ್ಟುವುದು ಅನ್ಯಾಯ. ಅದು ತಿಂಗಳ ಸಂಬಳದ, ಗೌರವದ ಉದ್ಯೋಗವಾಗಬೇಕು, ಕೆರೆ ನೋಡಿಕೊಳ್ಳುವ ಸಂಘದ ಸಭೆಯಲ್ಲಿ ನೀರುಗಂಟಿಗೆ ಮತವಿರಬೇಕು.

ಆ ಸಂಬಳಕ್ಕೆ ಹಣ ಎಲ್ಲಿಂದ? 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ವ್ಯಾಪ್ತಿಗೆ ಬರುವ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವ್ಯಯಿಸಬೇಕು, ಪರಿಸರ ಮತ್ತು ಗ್ರಾಮಾಭಿವೃದ್ಧಿ ಎರಡೂ ಅದರಲ್ಲಿ ಸೇರುತ್ತವೆ. ಆದರೆ ಈ ಹಣ ಯೋಜನೆಯ ಅವಧಿಗೆ ಕಟ್ಟುಬಿದ್ದದ್ದು, ಬಹು ವರ್ಷಗಳ ಯೋಜನೆಗೂ ಅಲ್ಲಿ ಮಿತಿಯಿದೆ. ಅನಂತರದ ನಿರ್ವಹಣೆಗೆ ಊರೇ ನಿಧಿ ಕಟ್ಟಬೇಕು: ಅಚ್ಚುಕಟ್ಟುದಾರರ ವಂತಿಗೆ, ಹುಲ್ಲಿನ ಹರಾಜು, ಸಾಧ್ಯವಿರುವಲ್ಲಿ ಮೀನು ಸಾಕಣೆ. ಕೆರೆ ಟ್ರಸ್ಟಿನ ಆಸ್ತಿಯಲ್ಲ ಎಂಬುದೂ ನೆನಪಿರಲಿ. 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯತ್ ರಾಜ್ ಸಂಸ್ಥೆಗಳ ಅಧೀನದಲ್ಲಿರುತ್ತವೆ, ದೊಡ್ಡವು ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಯ ಸುಪರ್ದಿಗೆ ಬರುತ್ತವೆ. ಮೀನಿನ ಹಕ್ಕು ಯಾರದೆಂಬುದನ್ನು ಕೆರೆಕೆರೆಗೂ ವಿಚಾರಿಸಿಯೇ ತಿಳಿಯಬೇಕು.

ನಗರದಲ್ಲಿ ಚಿತ್ರ ಬೇರೆ, ಪ್ರಶ್ನೆ ಅದೇ. ಬೆಂಗಳೂರಿನ ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯನ್ನು ಪಾಲಿಕೆ ದುರಸ್ತಿ ಮಾಡಿತು, ಆದರೆ ಅದು ಉಳಿದು ಬಂದದ್ದು ಸುತ್ತಲಿನ ನಿವಾಸಿಗಳು ಮಹದೇವಪುರ ಪರಿಸರ ಸಂರಕ್ಷಣೆ ಮತ್ತು ಅಭಿವೃದ್ಧಿ ಸಮಿತಿ ಎಂಬ ಟ್ರಸ್ಟ್ ಕಟ್ಟಿಕೊಂಡು ದಿನನಿತ್ಯದ ಉಸ್ತುವಾರಿಗೆ ನಿಂತದ್ದರಿಂದ. ವಾಯುವಿಹಾರಕ್ಕೆ ಬರುವವರ ಜೊತೆಗೆ ದನಗಳಿಗೆ ಹುಲ್ಲು ಕೊಯ್ಯುವವರಿಗೂ ಅಲ್ಲಿ ಜಾಗ ಉಳಿದದ್ದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ಈಗ ನನ್ನಲ್ಲಿಗೆ ಬರುವ ಟ್ರಸ್ಟ್‌ಗಳು ಭೂಮಿಪೂಜೆಯ ದಿನ ಗೊತ್ತುಮಾಡುವ ಮೊದಲು ಗ್ರಾಮಸಭೆಯ ನಡಾವಳಿ ಪುಸ್ತಕ ತೋರಿಸಬೇಕೆಂದು ಕೇಳುತ್ತೇನೆ. ಅದರಲ್ಲಿ ನೀರುಗಂಟಿಯ ಹೆಸರು, ಅವರ ಸಂಬಳದ ಮೊತ್ತ, ಆ ಹಣ ಬರುವ ಮೂಲ ಮೂರೂ ಬರೆದಿದ್ದರೆ ಮರುದಿನವೇ ಅಳತೆಯ ಟೇಪು ಹಿಡಿದು ಏರಿಯ ಮೇಲೆ ಇರುತ್ತೇನೆ.