ಮೂರು ನೆಗೆಟಿವ್‌ಗಳ ಹಿಂದಿನ ಕಥೆ

"ಮೂರೂ ನೆಗೆಟಿವ್ ಬಂದದೆ. ಒಳ್ಳೇದೇ ಅಲ್ವಾ ಮಗಾ?" ಮಂಡ್ಯದ ನಮ್ಮ ಚಿಕ್ಕಮ್ಮ ಬಯಾಪ್ಸಿ ರಿಪೋರ್ಟ್ ಚಾಚಿ ಕೇಳಿದರು. ಅವರ ತಪ್ಪಿಲ್ಲ. ಕೊರೊನಾ ಕಾಲದಿಂದ ನೆಗೆಟಿವ್ ಅಂದರೆ ಬಚಾವು ಅಂತಲೇ ಲೆಕ್ಕ. ಸ್ತನ ಕ್ಯಾನ್ಸರ್‌ನಲ್ಲಿ ಮಾತ್ರ ಇದು ಉಲ್ಟಾ.

1896ರಲ್ಲಿ ಸ್ಕಾಟ್ಲೆಂಡಿನ ಸರ್ಜನ್ ಜಾರ್ಜ್ ಬೀಟ್ಸನ್, ಅಂಡಾಶಯ ತೆಗೆದರೆ ಸ್ತನದ ಗಡ್ಡೆ ಕುಗ್ಗಬಹುದು ಎಂದು ವರದಿ ಮಾಡಿದರು. ಆದರೆ ಎಲ್ಲರಿಗೂ ಹಾಗಾಗಲಿಲ್ಲ. ಯಾಕೆ ಅಂತ ತಿಳಿಯಲು ಅರ್ಧ ಶತಮಾನಕ್ಕೂ ಜಾಸ್ತಿ ಹಿಡಿಯಿತು. ಕೆಲವು ಗಡ್ಡೆಗಳಲ್ಲಷ್ಟೇ, ಅಂಡಾಶಯದಿಂದ ಬರುವ ಈಸ್ಟ್ರೋಜನ್ ಹಾರ್ಮೋನನ್ನು ಹಿಡಿದುಕೊಳ್ಳುವ ಪ್ರೋಟೀನ್, ಅಂದರೆ ರಿಸೆಪ್ಟರ್ ಇರುತ್ತದೆ. ಇದನ್ನು ಕಂಡುಹಿಡಿದವರು ಷಿಕಾಗೋದ ಎಲ್ವುಡ್ ಜೆನ್ಸನ್. ಅದಕ್ಕೆ ಅಡ್ಡ ನಿಲ್ಲುವ ಟ್ಯಾಮೊಕ್ಸಿಫೆನ್ ಎಂಬ ಮದ್ದಿಗೆ ಅಮೆರಿಕ 1977ರಲ್ಲಿ ಒಪ್ಪಿಗೆ ಕೊಟ್ಟಿತು. ಹರ್‌2 ಎಂಬ ಇನ್ನೊಂದು ರಿಸೆಪ್ಟರ್‌ಗೆ 1998ರಲ್ಲಿ ಟ್ರಾಸ್ಟುಜುಮ್ಯಾಬ್ ಎಂಬ ಮದ್ದು ಬಂತು. ಈಸ್ಟ್ರೋಜನ್ ರಿಸೆಪ್ಟರ್ ಇಲ್ಲ, ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನಿನ ರಿಸೆಪ್ಟರೂ ಇಲ್ಲ, ಹರ್‌2 ಕೂಡ ಜಾಸ್ತಿ ಇಲ್ಲ ಅಂದರೆ ಈ ಮದ್ದುಗಳಿಗೆ ಗುರಿಯೇ ಇಲ್ಲ. ಅದಕ್ಕೇ ಟ್ರಿಪಲ್ ನೆಗೆಟಿವ್. ಇಲ್ಲದ್ದನ್ನು ಎಣಿಸಿ ಇಟ್ಟ ಹೆಸರು. ನನ್ನನ್ನು ಕೇಳಿದರೆ, ಸೋಮಾರಿ ಹೆಸರು.

ಹಾಗಾದರೆ ಇರುವುದೇನು? 2000ದಲ್ಲಿ ಅಮೆರಿಕದ ವಿಜ್ಞಾನಿ ಚಾರ್ಲ್ಸ್ ಪೆರು ಮತ್ತು ಸಂಗಡಿಗರು 42 ಜನರ ಸ್ತನದ ಸ್ಯಾಂಪಲ್‌ಗಳಲ್ಲಿ ಸಾವಿರಾರು ಜೀನ್‌ಗಳ ಚಟುವಟಿಕೆಯನ್ನು ಒಟ್ಟಿಗೆ ಅಳೆದರು. ಮೈಯ ಎಲ್ಲ ಕೋಶಗಳಲ್ಲೂ ಜೀನ್‌ಗಳು ಹೆಚ್ಚುಕಮ್ಮಿ ಅವೇ. ಯಾವುದು ಕೆಲಸದಲ್ಲಿದೆ, ಯಾವುದು ಸುಮ್ನೆ ಕೂತಿದೆ ಅನ್ನುವುದೇ ವ್ಯತ್ಯಾಸ. ಒಂದು ಗುಂಪಿನ ಗಡ್ಡೆಗಳಲ್ಲಿ, ಹಾಲಿನ ನಾಳದ ಹೊರಪದರದ ಕೋಶಗಳ ಜೀನ್‌ಗಳು ಚುರುಕಾಗಿದ್ದವು. ಅದಕ್ಕೆ ಬೇಸಲ್ ಮಾದರಿ ಎಂದರು. ಟ್ರಿಪಲ್ ನೆಗೆಟಿವ್‌ನ ಬಹುಪಾಲು ಇದೇ.

ಇವುಗಳಲ್ಲಿ 'ಬೆಳೆ' ಅನ್ನುವ ಸಂದೇಶ ಹಿಡಿಯುವ ಇಜಿಎಫ್‌ಆರ್ ಎಂಬ ರಿಸೆಪ್ಟರ್ ಜಾಸ್ತಿ. ಅದನ್ನೇ ಮುಚ್ಚಿ ನೋಡಿದರು. ಅಂದುಕೊಂಡಷ್ಟು ಫಲ ಸಿಗಲಿಲ್ಲ. ಚಿಕ್ಕಮ್ಮನಿಗೆ ಇದನ್ನು ವಿಶ್ವೇಶ್ವರಯ್ಯ ನಾಲೆಯ ಲೆಕ್ಕದಲ್ಲೇ ಹೇಳಿದೆ. ಒಂದು ತೂಬು ಮುಚ್ಚಿದರೆ ನೀರು ಪಕ್ಕದ ಕಾಲುವೆ ಹಿಡಿದು ಅದೇ ಗದ್ದೆಗೆ ಬರುತ್ತದೆ. ಕೋಶದೊಳಗೂ ಸಂದೇಶಕ್ಕೆ ಪಿಐ3ಕೆ ತರಹದ ಬೇರೆ ದಾರಿಗಳಿವೆ.

"ಎರಡೂ ಮುಚ್ಚಬೇಕಪ್ಪ" ಅಂದರು.

ಹತ್ತಿರ ಹತ್ತಿರ ಅದೇ ಲೆಕ್ಕ ಇನ್ನೊಂದು ಕಡೆ ಕೆಲಸ ಮಾಡಿದೆ. 1994ರಲ್ಲಿ ಪತ್ತೆಯಾದ ಬಿಆರ್‌ಸಿಎ1 ಜೀನ್ ಡಿಎನ್‌ಎ ರಿಪೇರಿಗೆ ಬೇಕು. ಆ ಜೀನ್ ಕೆಟ್ಟಿರುವವರ ಗಡ್ಡೆಯ ಕೋಶಗಳಲ್ಲಿ ಒಂದು ರಿಪೇರಿ ದಾರಿ ಮೊದಲೇ ಮುಚ್ಚಿರುತ್ತದೆ. ಓಲಾಪರಿಬ್ ಎಂಬ ಮದ್ದು ಇನ್ನೊಂದನ್ನೂ ಮುಚ್ಚುತ್ತದೆ, ಕೋಶ ಸಾಯುತ್ತದೆ. 2018ರಲ್ಲಿ ಅಮೆರಿಕ ಇದನ್ನು ಸ್ತನ ಕ್ಯಾನ್ಸರ್‌ಗೂ ಒಪ್ಪಿತು. ಬಾಕಿಯವರಿಗೆ ಇವತ್ತಿಗೂ ಮುಖ್ಯ ಆಸರೆ ಕೀಮೋ. ಅದಕ್ಕೆ ಈ ಗಡ್ಡೆಗಳು ಸಾಕಷ್ಟು ಸಲ ಚೆನ್ನಾಗಿ ಬಗ್ಗುತ್ತವೆ ಕೂಡ.

ಮೈಸೂರಿನ ಡಾಕ್ಟರು ಚಿಕ್ಕಮ್ಮನಿಗೆ ಬಿಆರ್‌ಸಿಎ ರಕ್ತಪರೀಕ್ಷೆ ಬರೆದರು. ಅದರಲ್ಲಿ ದೋಷ ಕಂಡರೆ ಮಗಳಿಗೂ ಮಾಡಿಸಬೇಕು.

"ಅದು ನೆಗೆಟಿವ್ ಬಂದ್ರೆ?"

"ಅದು ಮಾತ್ರ ಒಳ್ಳೇದೇ ಚಿಕ್ಕಮ್ಮ."